ಮಾಸ್ತರ ಗುಳಿಗಿ ಮುಟ್ಟೂದಿಲ್ಲ

ಮಸೂತಿ ಊರಿನ ನಿವೃತ್ತ ಹೆಡ್‌ಮಾಸ್ತರ ಹಣಮಂತ್ರಾಯರು ಎಪ್ಪತ್ತೊಂದು ವರ್ಷದಲ್ಲಿ ಕದ್ದು ಮಾಡಿದ ಕೆಲಸ ಒಂದೇ: ಗುಳಿಗೆ ನುಂಗಿದ್ದು.

ಎರಡು ತಿಂಗಳ ಹಿಂದೆ ಊರಿನಲ್ಲಿ ಆರೋಗ್ಯ ತಪಾಸಣೆ ನಡೆದು ಬಿಪಿ ಇದೆಯೆಂದು ಗುಳಿಗೆ ಕೊಟ್ಟಾಗ ಅವರು ಅದನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದಿದ್ದರು. “ಗುಳಿಗಿ ನುಂಗೂದು ಕೈಲಾಗದವರ ಕೆಲಸ. ನನ್ನ ಹೊಟ್ಟಿಗೆ ರೊಟ್ಟಿ ಬಿಟ್ಟು ಬ್ಯಾರೆ ಏನೂ ಹೋಗೂದಿಲ್ಲ” ಎಂದು ನಾಲ್ಕು ಜನರೆದುರು ಸಾರಿಯೂ ಇದ್ದರು. ಆಮೇಲೆ ಜೊತೆಗಾರನೊಬ್ಬನಿಗೆ ಲಕ್ವ ಹೊಡೆದು ಬಾಯಿ ಕಿವಿಯ ಕಡೆ ಹೊರಳಿದ್ದನ್ನು ನೋಡಿ ಬಂದರು. ಮರುದಿನವೇ ಬಾಗೇವಾಡಿಗೆ ಹೋಗಿ ಡಾಕ್ಟರ್ ವಿಜಯಶ್ರೀ ಅವರಿಂದ ಗುಳಿಗೆ ಬರೆಸಿಕೊಂಡರು. ಹದಿನೈದು ದಿನಗಳಿಂದ ಮುಂಜಾನೆ ಬಚ್ಚಲಿನಲ್ಲಿ ನಿಂತು ಒಂದು ನುಂಗುತ್ತಿದ್ದರು. ಗುಳಿಗೆಯ ಪಟ್ಟಿ ಹಳೆಯ ಕೋಟಿನ ಕಿಸೆಯಲ್ಲಿ ಅಡಗಿತ್ತು.

ಸೋಮವಾರ ಮುಂಜಾನೆ ಮಜ್ಜಿಗೆ ಕುಡಿದು ಬಂದು, ದರ್ಜಿ ಇಬ್ರಾಹಿಂಸಾಬನ ಅಂಗಡಿಯ ಬಾಕಿನ ಮೇಲೆ ಕುಳಿತಿದ್ದವರು ಏಳಲು ಹೋದರು. ಊರು ಬೀಸುಕಲ್ಲಿನಂತೆ ತಿರುಗಿತು. ಹೊಲಿಗೆ ಮಷಿನ್ನನ್ನು ಕಳೆದುಹೋದ ತಮ್ಮನಂತೆ ತಬ್ಬಿಕೊಂಡರು.

“ಏನಾತ್ರಿ ಮಾಸ್ತರ?” ಎಂದ ಇಬ್ರಾಹಿಂಸಾಬ.

“ಏನಿಲ್ಲ. ಮಷಿನ್ ಗಟ್ಟಿ ಐತೇನಂತ ನೋಡಾಕತ್ತೇನಿ.”

ಎದುರುಮನೆಯ ರೇವವ್ವ ನಂಬಲಿಲ್ಲ. “ದೃಷ್ಟಿ ಆಗೇತ್ರಿ” ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಅಂಗಡಿಯಲ್ಲಿದ್ದವರೆಲ್ಲ ಕೆಮ್ಮಿದರು. ದೃಷ್ಟಿ ದೊಡ್ಡದೇ ಇತ್ತೆಂದು ರೇವವ್ವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಪರಮಾನಂದ ತನ್ನ ಗುಳಿಗೆ ಹಿಡಿದು ಬಂದ. “ಹ್ವಾದ ವರ್ಷ ನನಗೂ ತಲಿ ತಿರಗಿತ್ತು. ಇದನ್ನ ನುಂಗಿದ ಮ್ಯಾಲೆ ಆರಾಮ ಆತು. ತಗೋರಿ.”

ಮಾಸ್ತರರು ನೋಡಿದರು. ತಾವು ಮುಂಜಾನೆ ನುಂಗಿದ್ದೇ ಗುಲಾಬಿ ಗುಳಿಗೆ. ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಗುಳಿಗೆ ಒಳಗೆ ಬೀಳುವ ಹಾಗಿತ್ತು.

“ಏ ತಗೀರಿ ಅದನ್ನ” ಎಂದು ಇಬ್ರಾಹಿಂಸಾಬ ಪರಮಾನಂದನ ಕೈ ಸರಿಸಿದ. “ಮಾಸ್ತರ ಗುಳಿಗಿ ಮುಟ್ಟೂದಿಲ್ಲ.” ಮಾಸ್ತರರನ್ನು ಮೋಟರ್‌ಸೈಕಲ್ ಹತ್ತಿಸಿಕೊಂಡು ನೇರ ಬಾಗೇವಾಡಿಗೆ ಹೊಡೆದ.

ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿದರು. “ಭಾಳ ಇಳದೈತ್ರಿ. ಎಷ್ಟು ಗುಳಿಗಿ ತಗೊಳ್ಳಾಕತ್ತೀರಿ?”

“ಇವ್ರು ಗುಳಿಗಿ ಮುಟ್ಟೂದಿಲ್ರಿ ಮೇಡಂ” ಎಂದು ಇಬ್ರಾಹಿಂಸಾಬ ಎದೆಯುಬ್ಬಿಸಿದ.

ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರು ಮಾಸ್ತರರ ಮುಖ ನೋಡಿದರು. ಮಾಸ್ತರರು ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಂತೆ ಕಣ್ಣು ಮಿಟುಕಿಸಿದರು. ಡಾಕ್ಟರು ಇಬ್ರಾಹಿಂಸಾಬನನ್ನು ಎಳನೀರು ತರಲು ಕಳಿಸಿ ಬಾಗಿಲು ಹಾಕಿದರು.

“ಖರೇನ ಒಂದ ರೀ. ಮುಂಜಾನಿ ಒಂದ” ಎಂದರು ಮಾಸ್ತರರು.

“ಒಂದಕ್ಕ ಇಷ್ಟು ಇಳಿಯೂದಿಲ್ಲ. ಮತ್ತೊಂದು ಎಲ್ಲಿಂದೋ ಹೊಟ್ಟಿಗೆ ಹೊಂಟೈತಿ. ಈ ವಯಸ್ಸಿನಾಗ ಡಬಲ್ ಡೋಸ್ ಬಿತ್ತಂದ್ರ ತಲಿ ತಿರಗಿ ಬಿದ್ದು ಟೊಂಕ ಮುರಕೋತೀರಿ. ನಾಳಿ ಒಂದಿನ ಬಿಡ್ರಿ, ನಾಡದರಿಂದ ದಿನಕ್ಕ ಒಂದ. ಯಾರು ಕೊಡವರು, ಯಾರು ತಗೊಳ್ಳವರು, ಮನ್ಯಾಗ ಬಾಯಿಬಿಟ್ಟು ಮಾತಾಡ್ರಿ. ವಾರಕ್ಕ ಮನಿಯವರನ್ನ ಕರಕೊಂಡು ಬರ್ರಿ.”

ಮರಳಿ ಬರುವ ದಾರಿಯಲ್ಲಿ ಮಾಸ್ತರರಿಗೆ ಹೊಳೆಯಿತು. ನಲವತ್ತೆಂಟು ವರ್ಷ ಮಜ್ಜಿಗೆ ಲೋಟ ಕುಕ್ಕಿ ಹೋಗುತ್ತಿದ್ದ ಹೆಂಡತಿ ಗುಂಡವ್ವ, ಲಕ್ವದ ಸುದ್ದಿ ಬಂದಾಗಿನಿಂದ ಲೋಟದ ತಳ ಕಾಣುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ತಪಾಸಣೆಯ ದಿನ ಮೇಜಿನ ಮೇಲೆ ಬಿಟ್ಟ ಗುಳಿಗೆ ಜೊತೆಗಿದ್ದ ಅವಳ ಸೆರಗು ಸೇರಿತ್ತು, ಈಗ ಅರೆದು ಮಜ್ಜಿಗೆಗೆ ಬೀಳುತ್ತಿತ್ತು.

ಮಾಸ್ತರರಿಗೆ ಸಿಟ್ಟು ಬರಲಿಲ್ಲ, ಹಿಗ್ಗು ಬಂತು. ಅವಳದೊಂದು ಹೊಟ್ಟೆಗೆ ಬೀಳುತ್ತಿದ್ದರೆ ತಮ್ಮದೇಕೆ? ಇನ್ನು ಯಾರೆದುರಾದರೂ ‘ಗುಳಿಗಿ ನುಂಗೂದಿಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ‘ನಾಳೆ ಒಂದು ದಿನ ಮಜ್ಜಿಗೆ ಬೇಡ’ ಎಂದು ಮನೆಯಲ್ಲಿ ಹೇಳಿದರು. ಕೋಟಿನ ಕಿಸೆಯ ಗುಳಿಗೆ ಪಟ್ಟಿಯನ್ನು ತಿಪ್ಪೆಗೆ ಎಸೆದರು. ಬಾಯಿಬಿಟ್ಟು ಮಾತಾಡುವ ಸಂಗತಿಯನ್ನು ನುಂಗಿಬಿಟ್ಟರು.

ಅದೇ ಮಧ್ಯಾಹ್ನ, ಅವರು ಬರುವ ಮೊದಲೇ, ಗುಂಡವ್ವ ಕೋಟು ಒಗೆಯಲು ತೆಗೆದಿದ್ದಳು. ಕಿಸೆಯಲ್ಲಿ ಅರ್ಧ ಖಾಲಿಯಾದ ಗುಳಿಗೆ ಪಟ್ಟಿ ಸಿಕ್ಕಿತು. ಕದ್ದಾದರೂ ನುಂಗುತ್ತಿದ್ದಾರಲ್ಲ ಎಂದು ಅವಳಿಗೆ ಕಣ್ಣೀರೇ ಬಂತು. ಗಂಡನ ಮರ್ಯಾದೆ ಉಳಿಯಲೆಂದು ಅದನ್ನು ಇದ್ದಲ್ಲೇ ಇಟ್ಟು, ಕೋಟನ್ನು ಒಗೆಯದೆ ಮತ್ತೆ ಗೂಟಕ್ಕೆ ಸಿಕ್ಕಿಸಿದಳು. ಅಂದಿನಿಂದ ಮಜ್ಜಿಗೆಗೆ ಉಪ್ಪನ್ನಷ್ಟೇ ಹಾಕಿದಳು.

ವಾರದ ಮೇಲೆ ಇಬ್ರಾಹಿಂಸಾಬನ ಪರಿಚಯದವರ ಟಂಟಂ ಆಟೋದಲ್ಲಿ ಗಂಡ, ಹೆಂಡತಿ, ಇಬ್ರಾಹಿಂಸಾಬ ಮೂವರೂ ಬಾಗೇವಾಡಿಗೆ ಹೋದರು. ಡಾಕ್ಟರು ಎರಡು ಸಲ ಮಾಸ್ತರರ ತೋಳಿಗೆ ಪಟ್ಟಿ ಬಿಗಿದು ನೋಡಿದರು. ಬಿಪಿ ನೂರಾ ತೊಂಬತ್ತು.

“ಗುಳಿಗಿ ಯಾರು ಬಿಟ್ಟ್ರಿ?”

“ಇವ್ರು ತಗೋತಾರಂತ ನಾ ಹಾಕೂದು ಬಿಟ್ಟೇನ್ರಿ” ಎಂದಳು ಗುಂಡವ್ವ.

“ನೀ ಹಾಕ್ತೀಯಂತ ನಾ ಬಿಟ್ಟೇನಿ” ಎಂದರು ಮಾಸ್ತರರು.

ಡಾಕ್ಟರು ಪೆನ್ನು ಕೆಳಗಿಟ್ಟು, ಬಾಗಿಲ ಬಳಿ ನಿಂತಿದ್ದ ಇಬ್ರಾಹಿಂಸಾಬನನ್ನು ಕರೆದು ಹೊಸ ಗುಳಿಗೆಯ ಪೊಟ್ಟಣವನ್ನು ಅವನ ಕೈಗೆ ಕೊಟ್ಟರು.

ಈಗ ದಿನಾ ಮುಂಜಾನೆ ಎಂಟಕ್ಕೆ ಮಾಸ್ತರರು ದರ್ಜಿ ಅಂಗಡಿಯೆದುರು ಹಾಜರಿರಬೇಕು. ಸಾಲೆಗೆ ಹೋಗುವ ಮಕ್ಕಳೂ ಹೊಲಕ್ಕೆ ಹೋಗುವವರೂ ಒಂದು ಕ್ಷಣ ನಿಲ್ಲುತ್ತಾರೆ. ಇಬ್ರಾಹಿಂಸಾಬ ಗುಳಿಗೆ ಕೊಟ್ಟು, ನೀರು ಕುಡಿಸಿ, ಮೂಗಿನ ತುದಿಯ ಚಸ್ಮ ಮೇಲೇರಿಸಿ ಬಗ್ಗುತ್ತಾನೆ.

“ಬಾಯಿ ತೆರೀರಿ ಮಾಸ್ತರ. ನಾಲಿಗಿ ಎತ್ರಿ. ಹಾಂ, ಇನ್ನ ಹೋಗ್ರಿ.”