ಹತ್ತು ಡಿಗ್ರಿ ಬಾಗಬೇಕಿದ್ದ ಬೆಳಕು

ಆ ಗಾಜಿನ ಚೂರು ಉಗುರಿನಷ್ಟಿತ್ತು. ಮೇಲೆ ಚಿನ್ನದ ಲೇಪ. ಲೇಪದಲ್ಲಿ ಕೂದಲೆಳೆಯನ್ನು ಸಾವಿರ ಸಲ ಸೀಳಿದಷ್ಟು ಸಣ್ಣ ಗೀರುಗಳು. ಕೆಂಪು ಲೇಸರ್ ಬಿಟ್ಟರೆ ಚಿನ್ನದ ಮೈಮೇಲೆ ಎಲೆಕ್ಟ್ರಾನುಗಳು ಅಲೆಯಾಗಿ ಓಡಿ, ಗೀರುಗಳಲ್ಲಿ ನುಸುಳಿ, ಆಚೆ ಬದಿಗೆ ಹೊರಡುವ ಬೆಳಕನ್ನು ಹತ್ತು ಡಿಗ್ರಿ ಪಕ್ಕಕ್ಕೆ ತಿರುಗಿಸಬೇಕು. ಆ ಅಲೆಗೆ ಪ್ಲಾಸ್ಮಾನ್ ಎಂದು ಹೆಸರು. ಆರು ವರ್ಷದಿಂದ ಅದರ ಹಿಂದೆಯೇ ಬಿದ್ದಿದ್ದವನಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಬೆಳಕಪ್ಪ.

ಇವತ್ತು ಮಧ್ಯಾಹ್ನ ಮೂರಕ್ಕೆ ಹೊರಗಿನ ಪರೀಕ್ಷಕರು ಬಂದು ಕಣ್ಣಾರೆ ನೋಡುತ್ತಾರೆ. ಬೆಳಕು ಬಾಗಿದರೆ ಪಿಎಚ್.ಡಿ. ಪ್ರಬಂಧ ಪಾಸು. ಬಾಗದಿದ್ದರೆ ಇನ್ನೊಂದು ವರ್ಷ ಎಂದು ಅವನ ಮಾರ್ಗದರ್ಶಕ ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು. ಜೊತೆಗೆ ಸೇರಿದವರೆಲ್ಲ ಮೇಷ್ಟ್ರಾಗಿ, ಮಕ್ಕಳನ್ನು ಹೆತ್ತು, ತಲೆ ನರೆಸಿಕೊಂಡಿರುವಾಗ ಇನ್ನೊಂದು ವರ್ಷ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ?

ಬೆಳಕಪ್ಪ ಒಂದು ಗಂಟೆಗೆ ಊಟ ಮುಗಿಸಿ ಬಂದಾಗ ಪಕ್ಕದ ಕೋಣೆಯ ಲೆನ್ಸಣ್ಣ ಮೇಜಿನ ಬಳಿ ನಿಂತಿದ್ದ. ಊರಿನ ಲೆನ್ಸುಗಳನ್ನೆಲ್ಲ ಒರೆಸುವುದು ಅವನ ಚಟ. ಕೇಳದೆ ಉಪಕಾರ ಮಾಡುವುದು ಇನ್ನೊಂದು ಚಟ.

"ನಿನ್ ಗಾಜು ಎಷ್ಟು ಗಲೀಜಾಗಿತ್ತು ಕಣೋ! ಹಳದಿ ಹಳದಿ. ಚೆನ್ನಾಗಿ ಉಜ್ಜಿಬಿಟ್ಟೆ."

"ಅಣ್ಣಾ! ಆ ಹಳದಿ ಚಿನ್ನ!"

ಲೆನ್ಸಣ್ಣ ಗಾಜು ಉಜ್ಜಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಅದು ಮಿರಮಿರ ಹೊಳೆಯಿತು. "ಅಯ್ಯೋ ಪಾಪ," ಅಂದ. "ವಾಪಸ್ ಅಂಟಿಸೋಕಾಗಲ್ವಾ?"

ಬೆಳಕಪ್ಪ ಮೆಟ್ಟಿಲು ಇಳಿದು ಓಡಿದ. ನೆಲಮಹಡಿಯಲ್ಲಿ ಗೀರು ಕೊರೆಯುವ ಯಂತ್ರ ನೋಡಿಕೊಳ್ಳುವ ಮಿಷಿನಕ್ಕ ಇದ್ದಳು.

"ಅಕ್ಕಾ, ಎರಡು ಗಂಟೇಲಿ ಒಂದು ಹೊಸ ಚೂರು ಕೊರೆದುಕೊಡಿ, ಕಾಲಿಗೆ ಬೀಳ್ತೀನಿ."

"ಎರಡು ಗಂಟೇಲಿ ಮಿಷಿನ್ ಬಿಸಿ ಕೂಡ ಆಗಲ್ಲಪ್ಪ. ಎಸೆಯೋಕೆ ಇಟ್ಟಿರೋದು ಒಂದಿದೆ, ಬೇಕಾದ್ರೆ ತಗೊಂಡು ಹೋಗು. ಅದನ್ನ ಕೊರೀವಾಗ ಪಕ್ಕದಲ್ಲಿ ಗೋಡೆ ಒಡೀತಿದ್ರು. ಗೀರೆಲ್ಲ ಸೊಟ್ಟ ಸೊಟ್ಟ."

"ಬೆಳಕು ಬಾಗುತ್ತಾ?"

"ನಾನೇನು ಜ್ಯೋತಿಷ್ಯ ಹೇಳ್ತೀನಾ?"

ಪರೀಕ್ಷಿಸಲು ಪುರುಸೊತ್ತು ಸಿಗಲಿಲ್ಲ. ಚೂರನ್ನು ಹಿಡಿಕೆಗೆ ಸಿಕ್ಕಿಸುವಾಗ ಎರಡು ಸಲ ನೆಲಕ್ಕೆ ಬಿತ್ತು. ಹುಡುಕಲು ಬಂದ ಲೆನ್ಸಣ್ಣ ಅದನ್ನು ಇನ್ನೇನು ತುಳಿದೇಬಿಡುವವನಿದ್ದ. ಅಷ್ಟರಲ್ಲಿ ಮೂರು ಗಂಟೆಯಾಯಿತು. ಬಾಗಿಲು ತೆರೆದು, ಮೇಷ್ಟ್ರು ನಗುನಗುತ್ತಾ ಪರೀಕ್ಷಕರನ್ನು ಒಳಗೆ ಕರೆತಂದರು.

ದೀಪ ಆರಿಸಿದರು. ಎದುರಿನ ಗೋಡೆಗೆ ಡಿಗ್ರಿ ಗುರುತಿನ ಪಟ್ಟಿ ಅಂಟಿಸಿತ್ತು. ಬೆಳಕಪ್ಪ ಕಣ್ಣು ಮುಚ್ಚಿ ಲೇಸರ್ ಒತ್ತಿದ. ಹೆದರುತ್ತಾ ಒಂದು ಕಣ್ಣು ತೆರೆದ.

ಕೆಂಪು ಚುಕ್ಕೆ ಹತ್ತರ ಗುರುತಿನಲ್ಲಿ ಇರಲಿಲ್ಲ. ಸೊನ್ನೆಯಲ್ಲೂ ಇರಲಿಲ್ಲ. ಗೋಡೆಯ ಆ ತುದಿಯಲ್ಲಿ, ಮೂವತ್ತರ ಗುರುತಿಗೆ ಒರಗಿ ನಿಂತಿದ್ದ ಮೇಷ್ಟ್ರ ಅಂಗಿಯ ಮೂರನೇ ಗುಂಡಿಯ ಮೇಲೆ ಜಮಾಯಿಸಿ ಕೂತಿತ್ತು.

"ಮೂವತ್ತು ಡಿಗ್ರಿ!" ಪರೀಕ್ಷಕರು ಕೂಗಿಯೇಬಿಟ್ಟರು. ತಾವೇ ಹೋಗಿ ಅಳೆದರು. ಲೇಸರ್ ಆರಿಸಿ ಹಚ್ಚಿಸಿದರು. ಮತ್ತೆ ಮೂವತ್ತು. ಲೆನ್ಸಣ್ಣ ಚಪ್ಪಾಳೆ ಹೊಡೆದ. ಮೇಷ್ಟ್ರು ಬೆಳಕಪ್ಪನ ಬೆನ್ನು ತಟ್ಟಿದರು. ಆರು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಬೆಳಕಪ್ಪನಿಗೆ ಸಂತೋಷದಿಂದ ಅಳುವೇ ಬಂತು.

"ಇಂಥ ವಿದ್ಯಾರ್ಥೀನ ನಾನು ನೋಡೇ ಇಲ್ಲ," ಎಂದು ಪರೀಕ್ಷಕರು ಅವನ ಕೈ ಕುಲುಕಿದರು. "ಏನು ಧೈರ್ಯ ರೀ ನಿಮಗೆ!"

"ಧೈರ್ಯ ಏನು ಬಂತು ಸಾರ್..."

"ಅಲ್ಲ ರೀ, ಹನ್ನೊಂದು ಡಿಗ್ರಿ ದಾಟಿ ಬೆಳಕನ್ನ ಬಾಗಿಸೋಕೆ ಸಾಧ್ಯವೇ ಇಲ್ಲ ಅಂತ ಎಪ್ಪತ್ತು ಪುಟ ಲೆಕ್ಕ ಹಾಕಿ ಸಾಧಿಸಿದ್ದೀರಿ. ಇಡೀ ಪ್ರಬಂಧ ನಿಂತಿರೋದೇ ಅದರ ಮೇಲೆ. ಅದು ಶುದ್ಧ ಸುಳ್ಳು ಅಂತ ನನ್ನ ಎದುರಿಗೇ ನೀವೇ ತೋರಿಸಿಬಿಟ್ರಲ್ಲ!"

ಮೇಷ್ಟ್ರ ಕೈ ಮೆಲ್ಲಗೆ ಬೆನ್ನಿನಿಂದ ಜಾರಿತು.

"ಬಾಗದೇ ಇದ್ದಿದ್ರೆ ಒಂದು ವರ್ಷ ಅಂತಿದ್ದೆ," ಪರೀಕ್ಷಕರು ಪ್ರೀತಿಯಿಂದ ಪ್ರಬಂಧವನ್ನು ಅವನ ಕೈಗೇ ವಾಪಸ್ ಇಟ್ಟರು. "ಇದಕ್ಕೆ ಎರಡು ಬೇಕಾಗುತ್ತೆ. ನಿಧಾನವಾಗಿ, ಮೊದಲನೇ ಪುಟದಿಂದ ಬರೀರಿ."