ತಲೆಕೆಳಗು ಮಾಡಿದರೂ ಬೀಳದ್ದು

ಅಶ್ವಥ್ ಮಾಡಿದ ತಪ್ಪು ಒಂದೇ: ಲಿಫ್ಟಿನಲ್ಲಿ ಬಾಯಿ ಬಿಟ್ಟದ್ದು.

"ಇನ್ಶೂರೆನ್ಸಿನವರು ಹನ್ನೊಂದಕ್ಕೆ ಮನೆ ನೋಡೋಕೆ ಬರ್ತಾರೆ," ಎಂದುಬಿಟ್ಟ, ಎದುರು ಫ್ಲ್ಯಾಟಿನ ಕೆಂಚಮ್ಮನ ಮುಂದೆ.

ಹೋದ ತಿಂಗಳು ಬಿಡದಿಯ ಅವರ ಅಪಾರ್ಟ್‌ಮೆಂಟಿನಲ್ಲಿ ಪೈಪು ಒಡೆದು, ಒಬ್ಬರ ಅಡುಗೆಮನೆಯ ಕಪಾಟುಗಳೆಲ್ಲ ಹಪ್ಪಳದಂತೆ ಉಬ್ಬಿಹೋಗಿದ್ದವು. ಅಸೋಸಿಯೇಷನ್ನಿನ ವಿಮೆ ಹೊರಗೋಡೆಗೆ ಮಾತ್ರ. ಒಳಗಿನದು ಅವರವರ ಹಣೆಬರಹ. ತನ್ನ ಹಣೆಬರಹಕ್ಕೆ ಎಷ್ಟು ಲಕ್ಷದ ವಿಮೆ ಬೇಕು ಎಂದಷ್ಟೇ ಅಶ್ವಥ್ ತಿಳಿಯಬೇಕಿತ್ತು.

ಕೆಂಚಮ್ಮ ಸೀದಾ ಒಳಗೆ ಬಂದು ಹಾಲ್ ನೋಡಿ ಮೂಗು ಮುರಿದಳು. "ನೋಡಕ್ ಬರೋರ್ಗೆ ಇಂಥ ಬೋಳು ಮನೆ ತೋರಿಸ್ತೀರಾ? ನಮ್ ಮಗಳು ಶ್ವೇತನ್ನ ನೋಡಕ್ ಬಂದಾಗ ಊರೋರ ಸೋಫಾನೇ ಹಾಕಿದ್ದು!"

"ಇದು ಹೆಣ್ಣು ನೋಡೋ ಶಾಸ್ತ್ರ ಅಲ್ಲ ಕೆಂಚಮ್ಮೋರೆ."

"ಎಲ್ಲಾ ಒಂದೇ ಕಣಪ್ಪ. ಕಡ್ಮೆ ಕಂಡ್ರೆ ಕಡ್ಮೆ ಬೆಲೆ ಕಟ್ತಾರೆ."

ಅರ್ಧ ಗಂಟೆಯೊಳಗೆ ಮಹಡಿ ಮಹಡಿಯಿಂದ ಸೋಫಾ, ಜಮಖಾನ, ಬೆಳ್ಳಿ ದೀಪ ಬಂದು ಹಾಲ್ ಮದುವೆ ಛತ್ರದ ಉಗ್ರಾಣವಾಯಿತು. ಅಶ್ವಥ್‌ನ ಹೆಂಡತಿ ಪ್ರತಿಮಾ ಕೂಡ ಆ ಕಡೆ ಸೇರಿ ಕೇಸರಿಬಾತಿಗೆ ರವೆ ಹುರಿಯತೊಡಗಿದಳು. ಮೇಲಿನ ಮನೆಯ ಗಫಾರ್‌ಗೆ ಚನ್ನಪಟ್ಟಣದಲ್ಲಿ ಬೊಂಬೆ ವ್ಯಾಪಾರ. ಅವನು ಬೊಂಬೆ ತುಂಬಿದ ಶೋಕೇಸನ್ನೇ ಹೊತ್ತು ತಂದು ಗೋಡೆಗೆ ಡ್ರಿಲ್ಲು ಇಟ್ಟ.

"ಅಯ್ಯೋ, ಗೋಡೆಗೆ ಬೇಡ ಗಫಾರ್ ಭಾಯ್!"

"ಸುಮ್ನಿರಿ ಸಾರ್. ನಾಲ್ಕೇ ಬೋಲ್ಟು. ಆನೆ ನೇತಾಕಿದ್ರೂ ಬೀಳಲ್ಲ."

ಹನ್ನೊಂದಕ್ಕೆ ಹೆಲ್ಮೆಟ್ ಹಿಡಿದು ಬಂದ ಇನ್ಶೂರೆನ್ಸ್ ಹುಡುಗನ ಕೈಗೆ ಕೆಂಚಮ್ಮ ತಟ್ಟೆ ತುರುಕಿದಳು. "ತಿನ್ನು ಕಂದಾ. ಸಂಬಳ ಎಷ್ಟು?"

ಅವನು ಸಂಬಳ ಹೇಳದೆ ಸುತ್ತ ನೋಡಿದ. "ಸಾರ್, ಮನೇನ ತಲೆಕೆಳಗು ಮಾಡಿ ಅಲ್ಲಾಡಿಸಿದ್ರೆ ಏನೇನು ಬೀಳುತ್ತೋ ಅದ್ಯಾವುದೂ ಈ ವಿಮೇಲಿ ಬರಲ್ಲ. ಬೀಳದೆ ಉಳಿಯೋದನ್ನ ಹೊಸದಾಗಿ ಮಾಡಿಸೋಕೆ ಎಷ್ಟಾಗುತ್ತೋ ಅಷ್ಟು ಸಾಕು. ನೆಲದ ಟೈಲ್ಸು, ಕಪಾಟು, ಬಾತ್‌ರೂಮು..."

ಸಾಮಾನು ಹೊತ್ತವರೆಲ್ಲ ಸೊಂಟ ಸವರಿಕೊಂಡರು. ಹುಡುಗ ಶೋಕೇಸನ್ನು ಮಾತ್ರ ಹಿಡಿದು ಅಲುಗಿಸಿ, "ಇದು ಬೀಳಲ್ಲ," ಎಂದು ಅದನ್ನೂ ಸೇರಿಸಿದ. ಒಟ್ಟು ಒಂಬತ್ತು ಲಕ್ಷ.

"ಹತ್ತು ಮಾಡ್ಬುಡಪ್ಪ," ಎಂದಳು ಕೆಂಚಮ್ಮ.

ಅಶ್ವಥ್ ಅಲ್ಲೇ ಫೋನಿನಲ್ಲಿ ವಿಮೆಯ ಕಂತು ಕಟ್ಟಿದ. ಹುಡುಗ ಕೈಕುಲುಕಿ ಹೋದ.

ಅವನ ಹಿಂದೆಯೇ ಮೇಲಿನಿಂದ ಗಫಾರನ ಹೆಂಡತಿ ಗುಲ್ಜಾರ್ ಬೀ ಕೂಗಿದಳು: "ಶೋಕೇಸ್ ಎಲ್ಲಿ? ಈಗಿಂದೀಗ್ಲೇ ತನ್ನಿ!"

ಗಫಾರ್ ಲಗುಬಗೆಯಿಂದ ಬೋಲ್ಟು ಬಿಚ್ಚಿದ. ನಾಲ್ಕನೆಯದು ಹೊರಬಂದದ್ದೇ ತಡ, ಬೈರಮಂಗಲದ ಕೆರೆ ಕೋಡಿ ಬಿದ್ದಂತೆ ಗೋಡೆಯಿಂದ ನೀರು ಚಿಮ್ಮಿತು. ಪೈಪಿಗೆ ತೂತು ಕೊರೆದದ್ದೂ ಆ ಬೋಲ್ಟೇ, ಇಷ್ಟು ಹೊತ್ತು ಮುಚ್ಚಿಕೊಂಡಿದ್ದದ್ದೂ ಅದೇ. ಮತ್ತೆ ತುರುಕಿದರೆ ನಿಲ್ಲಲಿಲ್ಲ. ಅಶ್ವಥ್ ತೂತಿಗೆ ಬೆರಳಿಟ್ಟು ಕಿರುಚಿದ, "ಕೆಳಗೆ ಹೋಗಿ ವಾಲ್ವ್ ಬಂದ್ ಮಾಡ್ರೋ!"

ಓಡಿಹೋದ ಗಫಾರ್ ವಾಲ್ವಿನ ಹಿಡಿಯನ್ನೇ ಕೈಯಲ್ಲಿ ಹಿಡಿದು ವಾಪಸು ಬಂದ. "ತುಕ್ಕು ಹಿಡ್ದಿತ್ತು ಸಾರ್. ಕಿತ್ಕೊಂಡ್ ಬಂತು."

ಪ್ರತಿಮಾ ಇನ್ಶೂರೆನ್ಸ್ ಹುಡುಗನಿಗೆ ಫೋನ್ ಹಚ್ಚಿದಳು. "ಪಾಲಿಸಿ ಶುರುವಾಗೋದೇ ಇವತ್ತು ರಾತ್ರಿ ಹನ್ನೆರಡಕ್ಕೆ ಮೇಡಂ," ಎಂದ ಅವನು. "ಅದಕ್ಕೆ ಮುಂಚೆ ನೆಂದದ್ದು ನಮಗೆ ಸೇರಲ್ಲ."

ಎಲ್ಲರೂ ಗಡಿಯಾರ ನೋಡಿದರು. ಮಧ್ಯಾಹ್ನ ಒಂದು ಗಂಟೆ.

ಕೆಂಚಮ್ಮ ಕುರ್ಚಿಯೊಂದನ್ನು ಎಳೆದು ಅಶ್ವಥ್‌ನ ಹಿಂದೆ ಇಟ್ಟಳು. "ಕೂತ್ಕೊಳಪ್ಪ. ಬೆರಳು ಮಾತ್ರ ತೆಗೀಬ್ಯಾಡ."