ಸ್ಯಾಂಪಲ್ ಭಾವ

ನನ್ನ ಅಕ್ಕನ ಗಂಡನನ್ನು ಊಟಕ್ಕೆ ಕರೆಯುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ! ಜಗಳಗಂಟರೇ? ಛೆ, ಸಾಧುಪ್ರಾಣಿ. ಮಂಗಳೂರಿನ ಕಡೆ ಒಂದು ಔಷಧ ಕಾರ್ಖಾನೆಯಲ್ಲಿ ಪರೀಕ್ಷಕರು. ಕಣ್ಣಿಗೆ ಕಾಣದ ಬೆಳಕನ್ನು ಮಾತ್ರೆಯ ಮೇಲೆ ಬಿಟ್ಟು, ಅದು ಮರಳಿ ಬಂದ ಬಗೆ ನೋಡಿ, ಅಸಲಿಯೊಂದಿಗೆ ಹೋಲಿಸುವ ಯಂತ್ರವೊಂದು ಅಲ್ಲಿದೆ. ನಿಯರ್ ಇನ್‌ಫ್ರಾರೆಡ್ ಅಂತೆ. ಪುಡಿ ಮಾಡಬೇಕಿಲ್ಲ, ಕರಗಿಸಬೇಕಿಲ್ಲ. ಅದು ಬಂದ ಮೇಲೆ ಗಂಡ ಕೈತಪ್ಪಿದರೆಂದು ಅಕ್ಕನ ದೂರು.

ಭಾವನ ವೇದವಾಕ್ಯ ಒಂದೇ: "ಒಂದು ಸ್ಯಾಂಪಲಿನಲ್ಲಿ ಎಂತದೂ ಗೊತ್ತಾಗುದಿಲ್ಲ. ಮೇಲಿಂದ, ನಡುವಿಂದ, ಅಡಿಯಿಂದ ತೆಗಿಬೇಕು." ಬೆಳ್ಳೂರಿನ ಒಂದು ಮದುವೆಯಲ್ಲಿ ಪಾಯಸ ಬಡಿಸುವವರಿಗೂ ಇದನ್ನೇ ಹೇಳಿದರು.

"ಮೂರು ಸೌಟು ಬೇಕಾದ್ರೆ ಹಾಗೇ ಹೇಳಿ ಮಾರಾಯ್ರೆ, ಅದಕ್ಕೆ ವಿಜ್ಞಾನ ಎಂತಕ್ಕೆ?" ಎಂದ ಬಡಿಸುವವ.

ಅಕ್ಕ ಎಲೆಯಿಂದ ತಲೆ ಎತ್ತಲಿಲ್ಲ.

ಇನ್ನೊಮ್ಮೆ ಅಕ್ಕ, "ಸಾಂಬಾರು ಹೇಗುಂಟು?" ಎಂದು ಕೇಳಿದಳಂತೆ. "ಹೋಲಿಸ್ಲಿಕ್ಕೆ ಅಸಲಿ ಬೇಕಲ್ಲ? ನನ್ನ ಅಮ್ಮ ಮಾಡಿದ್ದು ಸ್ವಲ್ಪ ತರಿಸು," ಎಂದರಂತೆ ಪುಣ್ಯಾತ್ಮ! ಮತ್ತೆರಡು ದಿನ ಮನೆಯಲ್ಲಿ ಒಲೆ ಉರಿಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ವಿದ್ಯಾನಗರದ ನನ್ನ ಮನೆಗೆ ಬಂದಳು. ಕೆಲವು ವಾರಗಳಲ್ಲೇ ಅವಳಿಗೆ ತಲೆ ತಿರುಗಲು ಶುರುವಾಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೇಬಿಟ್ಟಳು. ನಾವೆಲ್ಲ ಹೆದರಿದೆವು. ಬಿ.ಪಿ. ಮಾತ್ರೆ ನಕಲಿಯೇ ಇರಬೇಕೆಂದು ನನ್ನ ತಮ್ಮ ಔಷಧದಂಗಡಿಗೆ ಜಗಳಕ್ಕೆ ಹೊರಟ. "ತಡಿ ಮಾರಾಯ," ಎಂದ ಭಾವ, ಅಮ್ಮ ಮಾತ್ರೆಗಳನ್ನು ಬಿಚ್ಚಿ ತುಂಬಿಸಿಡುವ ಸ್ಟೀಲ್ ಡಬ್ಬಿಯ ಮೇಲಿಂದ, ನಡುವಿಂದ, ಅಡಿಯಿಂದ ಒಂದಷ್ಟು ತೆಗೆದುಕೊಂಡರು. ಹೋಲಿಸಲು ಹೊಸದೊಂದು ಸ್ಟ್ರಿಪ್ಪನ್ನೂ ಕೊಂಡು ಹೋದರು.

ಎರಡು ದಿನ ಬಿಟ್ಟು ಬಂದವರು ನೇರ ಅಮ್ಮನ ಕೋಣೆಗೆ ಹೋದರು. ನಾನು ಚಹಾ ಹಿಡಿದು ಬಾಗಿಲ ಹೊರಗೆ ನಿಂತೆ.

"ಅತ್ತೆ, ಮೇಲಿನದ್ದು ಸರಿ ಉಂಟು. ಅಡಿಯದ್ದು ನೋಡ್ಲಿಕ್ಕೆ ಹಾಗೇ ಉಂಟು, ಆದ್ರೆ ಬಿ.ಪಿ.ದು ಅಲ್ಲ. ಯಾರದ್ದು ಅದು?"

ಅಮ್ಮ ದನಿ ತಗ್ಗಿಸಿದಳು. "ಅವರ ಶುಗರಿನದ್ದು. ಉಳಿದಿತ್ತು. ಹನ್ನೆರಡು ವರ್ಷ ದಿನಾ ನಾನೇ ಕೈಗೆ ಕೊಟ್ಟದ್ದಲ್ವಾ, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನನ್ನದರೊಟ್ಟಿಗೇ ಹಾಕಿದೆ. ಯಾವುದು ಕೈಗೆ ಬಂತೋ ಅದನ್ನು ತಿಂದೆ. ಮಕ್ಕಳತ್ರ ಹೇಳ್ಬೇಡಿ, ಬೈತಾರೆ."

"ಶುಗರ್ ಇಲ್ಲದವರು ಅದನ್ನು ತಿಂದ್ರೆ ಜೀವಕ್ಕೇ ಅಪಾಯ ಅತ್ತೆ," ಎಂದರು ಭಾವ ಮೆತ್ತಗೆ. "ಡಬ್ಬಿ ನಂಗೆ ಕೊಡಿ. ನಾನು ಬಿಸಾಡುದಿಲ್ಲ."

ಭಾವ ಹೊರಗೆ ಬಂದು, ಜಗಲಿಯಲ್ಲಿ ಕಾಯುತ್ತಿದ್ದ ಅಕ್ಕ ಮತ್ತು ತಮ್ಮನ ಮುಂದೆ ಗಂಟಲು ಸರಿಮಾಡಿಕೊಂಡರು. ಪರೀಕ್ಷೆ ಮಾಡದೆ ಒಂದು ಮಾತನ್ನೂ ಆಡದ ಮನುಷ್ಯ!

"ಅಂಗಡಿಯವರ ತಪ್ಪಲ್ಲ. ಡಬ್ಬಿಗೆ ಒಲೆಯ ಹಬೆ ತಾಗಿ ಮಾತ್ರೆ ಹಾಳಾಗಿದೆ. ಒಲೆ ಹತ್ರ ಇಟ್ಟದ್ದು ಇವಳು!" ಎಂದು ನನ್ನತ್ತ ಬೆರಳು ತೋರಿಸಿದರು.

ಅಕ್ಕ, ತಮ್ಮ ಇಬ್ಬರೂ ನನ್ನ ಮೇಲೆ ಹರಿಹಾಯ್ದರು. ನನಗೆ ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ಅದಕ್ಕೆ ಮೊದಲು ಎಂದೂ ಹುಟ್ಟಿರಲಿಲ್ಲ.

"ಹೌದು ಭಾವ," ಎಂದೆ, "ನಾನೇ ಇಟ್ಟದ್ದು."